ಗಜಕರ್ಣದ ಕ್ಯಾಪ್ಸೂಲು, ಸ್ಟ್ಯಾಟಿನ್ ಗುಳಿಗೆ, ಓಟಗಾರನ ತೊಡೆ

ಜನವರಿಯ ಮುಂಬೈ ಮ್ಯಾರಥಾನ್‌ಗೆ ತಯಾರಿ ನಡೆಯುವುದು ಮಳೆಗಾಲದಲ್ಲಿ. ಮರೀನ್ ಡ್ರೈವ್‌ನಲ್ಲೋ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತಲೋ ಒದ್ದೆ ಬಟ್ಟೆಯಲ್ಲೇ ಓಡಿ ಓಡಿ ತೊಡೆಸಂದಿಯಲ್ಲಿ ಗಜಕರ್ಣ ಏಳುತ್ತದೆ. ಚರ್ಮದ ಡಾಕ್ಟರು ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಕ್ಯಾಪ್ಸೂಲು ಬರೆಯುತ್ತಾರೆ. ಕೊಲೆಸ್ಟರಾಲ್‌ಗೆಂದು ಅಟೊರ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದೇವೆಂದು ಅವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಕೆಲವು ವಾರಗಳಲ್ಲಿ ತೊಡೆ ಹಿಡಿದುಕೊಂಡರೆ ಬೈಸಿಕೊಳ್ಳುವುದು ಓಟ, ಇಲ್ಲವೇ ಸ್ಟ್ಯಾಟಿನ್. ಸ್ಟ್ಯಾಟಿನ್ ರಕ್ತದಲ್ಲಿ ಹೆಚ್ಚಾದರೆ ಸ್ನಾಯು ನೋಯಬಹುದು, ಅದನ್ನು ಹೆಚ್ಚಿಸುವ ಜೋಡಿಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ಅಟೊರ್ವಾಸ್ಟ್ಯಾಟಿನ್ ಮತ್ತು ಸಿಮ್ವಾಸ್ಟ್ಯಾಟಿನ್‌ಗಳನ್ನು ಕರುಳು, ಯಕೃತ್ತುಗಳಲ್ಲಿ ಒಡೆಯುವುದು ಸಿವೈಪಿ3ಎ4 ಎಂಬ ಕಿಣ್ವ. ಇಟ್ರಾಕೊನಜೋಲ್ ಅದನ್ನು ಕಟ್ಟಿಹಾಕುತ್ತದೆ. ಆಗ ಅಟೊರ್ವಾಸ್ಟ್ಯಾಟಿನ್ ರಕ್ತದಲ್ಲಿ ಸುಮಾರು ಮೂರು ಪಟ್ಟು ಏರುತ್ತದೆ. ನುಂಗಿದ್ದು 40 ಮಿ.ಗ್ರಾಂ. ಆದರೂ ಸ್ನಾಯುವಿನ ಮಟ್ಟಿಗೆ ಅದು 120ರ ಲೆಕ್ಕ. ಸಿಮ್ವಾಸ್ಟ್ಯಾಟಿನ್ ಇನ್ನೂ ಹೆಚ್ಚು ಏರುವುದರಿಂದ ಆ ಜೋಡಿಯೇ ನಿಷಿದ್ಧ. ಇಟ್ರಾಕೊನಜೋಲ್ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ, ಹಾಗಾಗಿ ಕೋರ್ಸ್ ಮುಗಿದ ಮೇಲೂ ಎರಡು ವಾರ ಎಚ್ಚರ ಬೇಕು.

ಗಜಕರ್ಣದ ಇನ್ನೊಂದು ಗುಳಿಗೆ ಟರ್ಬಿನಾಫಿನ್ ಈ ಕಿಣ್ವವನ್ನು ಮುಟ್ಟುವುದಿಲ್ಲ. ಆದರೆ ನಮ್ಮಲ್ಲಿ ಈಗ ಹಬ್ಬಿರುವ ಗಜಕರ್ಣ ಅದಕ್ಕೆ ಅನೇಕ ಸಲ ಜಗ್ಗುವುದಿಲ್ಲ, ಡಾಕ್ಟರು ಇಟ್ರಾಕೊನಜೋಲ್‌ಗೆ ಹೋಗುವುದು ಸುಮ್ಮನೆ ಅಲ್ಲ. ಅಂಥ ಸಂದರ್ಭದಲ್ಲಿ ಬದಲಿಸಬೇಕಾದ್ದು ಸ್ಟ್ಯಾಟಿನ್ ಅನ್ನು. ರೋಸುವಾಸ್ಟ್ಯಾಟಿನ್ ಬಹುಪಾಲು ಆ ಕಿಣ್ವದ ದಾರಿ ಹಿಡಿಯುವುದಿಲ್ಲ. ಇಟ್ರಾಕೊನಜೋಲ್ ಜೊತೆ ಅದು ಏರುವುದು ಅಲ್ಪ. ಏಷ್ಯಾದವರಲ್ಲಿ ಅದರ ಮಟ್ಟ ಸಹಜವಾಗಿಯೇ ಹೆಚ್ಚಿರುವುದರಿಂದ 5 ಮಿ.ಗ್ರಾಂ.ನಿಂದ ಶುರು ಮಾಡುವುದು ವಾಡಿಕೆ. ಅಸಿಡಿಟಿಯ ಅಲ್ಯೂಮಿನಿಯಂ-ಮೆಗ್ನೀಸಿಯಂ ಸಿರಪ್ ಜೊತೆಗೇ ಕುಡಿದರೆ ರೋಸುವಾಸ್ಟ್ಯಾಟಿನ್ ಅರ್ಧದಷ್ಟು ವ್ಯರ್ಥ. ಎರಡು ಗಂಟೆ ಬಿಟ್ಟು ಕುಡಿಯಿರಿ.

ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೂಡ ಇದೇ ಕಿಣ್ವವನ್ನು ಕಟ್ಟಿಹಾಕುವ ಜಾತಿ. ಕೆಮ್ಮಿಗೆ ಅದನ್ನು ಬರೆದರೆ, ಅಜಿಥ್ರೊಮೈಸಿನ್ ಆಗುತ್ತದೆಯೇ ಎಂದು ಕೇಳಿ. ಆಗದಿದ್ದರೆ ಆ ಕೆಲವು ದಿನ ಸ್ಟ್ಯಾಟಿನ್ ನಿಲ್ಲಿಸಬಹುದೇ ಎಂದು. ಬಿಪಿಗೆ ಆಮ್ಲೋಡಿಪಿನ್ ಇದ್ದರೆ ಸಿಮ್ವಾಸ್ಟ್ಯಾಟಿನ್ 20 ಮಿ.ಗ್ರಾಂ. ದಾಟಬಾರದು. ಗೌಟ್‌ನ ಕಾಲ್ಚಿಸಿನ್ ತಾನೇ ಸ್ನಾಯುವಿಗೆ ಕೆಟ್ಟದ್ದು, ಸ್ಟ್ಯಾಟಿನ್ ಸೇರಿದರೆ ಇನ್ನೂ ಕೆಟ್ಟದ್ದು. ಟ್ರೈಗ್ಲಿಸರೈಡ್‌ಗೆ ಸ್ಟ್ಯಾಟಿನ್ ಜೊತೆ ಫೆನೊಫೈಬ್ರೇಟ್ ಸರಿ, ಜೆಮ್‌ಫೈಬ್ರೊಜಿಲ್ ಬೇಡ. 2001ರಲ್ಲಿ ಸೆರಿವಾಸ್ಟ್ಯಾಟಿನ್ ಮಾರುಕಟ್ಟೆ ಬಿಟ್ಟುಹೋಗಲು ಕಾರಣವಾದ ಸ್ನಾಯು ಕರಗಿದ ಪ್ರಕರಣಗಳಲ್ಲಿ ಅದರ ಜೊತೆ ಜೆಮ್‌ಫೈಬ್ರೊಜಿಲ್ ಮತ್ತೆ ಮತ್ತೆ ಕಂಡಿತ್ತು. 'ಸಹಜ' ಎಂದು ಮಾರುವ ರೆಡ್ ಯೀಸ್ಟ್ ರೈಸ್‌ನಲ್ಲಿರುವ ಮೊನಾಕೊಲಿನ್-ಕೆ ಲೋವಾಸ್ಟ್ಯಾಟಿನ್ನೇ. ಗುಳಿಗೆಯ ಮೇಲೆ ಇನ್ನೊಂದು ಗುಳಿಗೆ ನುಂಗಿದ ಹಾಗೆ.

ಹಾಗೆಂದು ಎಲ್ಲ ನೋವೂ ಸ್ಟ್ಯಾಟಿನ್‌ದಲ್ಲ. ಅಡ್ಡಪರಿಣಾಮವೆಂದು ಗುಳಿಗೆ ಬಿಟ್ಟಿದ್ದ 60 ಮಂದಿಯ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಅಧ್ಯಯನದಲ್ಲಿ, ಸ್ಟ್ಯಾಟಿನ್ ತಿಂಗಳಿನ ತೊಂದರೆಯ ಶೇ. 90ರಷ್ಟು ಹುಸಿ ಗುಳಿಗೆಯ ತಿಂಗಳಿನಲ್ಲೂ ಕಂಡಿತು. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಎರಡೂ ಬದಿ ಒಟ್ಟಿಗೆ, ತೊಡೆ, ಸೊಂಟ, ಮೀನಖಂಡಗಳಲ್ಲಿ ಬರುತ್ತದೆ. ಒಂದೇ ಮೊಣಕಾಲಿನ ಪಕ್ಕ ಚುಚ್ಚಿದರೆ ಶೂ ನೋಡಿ.

ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಸಿಕೆಯ ಪರೀಕ್ಷೆಯಲ್ಲಿ ಓಟಗಾರರು ಎಡವುವುದು ದಿನದ ಆಯ್ಕೆಯಲ್ಲಿ. ಭಾನುವಾರ 30 ಕಿ.ಮೀ. ಓಡಿ ಸೋಮವಾರ ರಕ್ತ ಕೊಟ್ಟರೆ ಸ್ಟ್ಯಾಟಿನ್ ಇಲ್ಲದವರಿಗೂ ಸಾವಿರ ದಾಟಬಹುದು; ಪುಣೆಯ ಸಿಂಹಗಡದಂಥ ಇಳಿಜಾರು ಇಳಿದಿದ್ದರಂತೂ ಇನ್ನೂ ಹೆಚ್ಚು. ವಾರ ಕಾಲ ಭಾರಿ ವ್ಯಾಯಾಮ ಬಿಟ್ಟು ಕೊಡಿ. ಗುಳಿಗೆ ಶುರುವಾಗುವ ಮೊದಲಿನ ಅಂಕಿಯೂ ಕೈಯಲ್ಲಿದ್ದರೆ ಹೋಲಿಸಲು ಬರುತ್ತದೆ. ನೋವಿನ ಜೊತೆ ಸಿಕೆ ಮೇಲ್ಮಿತಿಯ ಹತ್ತು ಪಟ್ಟು ದಾಟಿದರೆ ಸ್ಟ್ಯಾಟಿನ್ ನಿಲ್ಲಬೇಕು. ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಕೂಡ ಮಾಡಿಸಿ: ಥೈರಾಯ್ಡ್ ಕಡಿಮೆಯಿದ್ದರೆ ಅದೊಂದೇ ಸಾಕು, ಕೊಲೆಸ್ಟರಾಲೂ ಏರುತ್ತದೆ, ಸ್ನಾಯುವೂ ನೋಯುತ್ತದೆ.

ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ಹೃದಯದ ಡಾಕ್ಟರಿಗೆ ಹೇಳದೆ ಸ್ಟ್ಯಾಟಿನ್ ಅನ್ನು ಒಂದು ದಿನವೂ ಬಿಡಬೇಡಿ.

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಮೆಟ್ಟಿಲು ಹತ್ತಲಾಗದಷ್ಟು ಸುಸ್ತಾದರೆ ಎಳನೀರು ಕುಡಿಯುತ್ತ ಕೂರಬೇಡಿ, ಸ್ನಾಯು ಕರಗಿ ಕಿಡ್ನಿಗೆ ಬಡಿಯುತ್ತಿರಬಹುದು. ನೋವಿನ ಗುಳಿಗೆ ಡೈಕ್ಲೊಫೆನಾಕ್ ನುಂಗಲೇಬೇಡಿ, ಸೋಲುತ್ತಿರುವ ಕಿಡ್ನಿಗೆ ಅದು ಎರಡನೇ ಏಟು. ನೇರ ಕ್ಯಾಶುವಾಲ್ಟಿಗೆ ಹೋಗಿ ಸಿಕೆ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ. ನುಂಗುತ್ತಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್‌ಗಳನ್ನೂ ಜೊತೆಗೆ ಒಯ್ಯಿರಿ, ಗಜಕರ್ಣದ್ದೂ ಸೇರಿಸಿ.