ನೀನು ಕೂತು ನೋಡಿದ್ಯಾ?

"ನಕ್ಷತ್ರ ಹುಟ್ಟೋಕೆ ಲಕ್ಷಗಟ್ಟಲೆ ವರ್ಷ ಬೇಕು ಅಂತೀಯಲ್ಲ, ನೀನು ಕೂತು ನೋಡಿದ್ಯಾ?"

ಎಳೆಯ ನಕ್ಷತ್ರಗಳ ಮೇಲೆ ಪಿಎಚ್‌ಡಿ ಮಾಡಿ, ಈಗ ಶಿವಮೊಗ್ಗದಲ್ಲಿ ಫಿಸಿಕ್ಸ್ ಪಾಠ ಮಾಡುವವನು ನಾನು. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಎಲ್ಲಿ ಹೋದರೂ ಇದೇ ಪ್ರಶ್ನೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಇಲ್ಲ, ಕೂತು ನೋಡಿಲ್ಲ. ಯಾರೂ ನೋಡಿಲ್ಲ. ನೋಡಲೇಬೇಕು ಅಂತಲೂ ಇಲ್ಲ.

ಹೋದ ಸುಗ್ಗಿಯಲ್ಲಿ ತೀರ್ಥಹಳ್ಳಿ ಕಡೆ ಭಾವನ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿದ್ದೆವು. ಅಂಗಳದ ಬಲ್ಬಿನ ಕೆಳಗೆ ಹಸಿ ಅಡಿಕೆ ರಾಶಿ, ಎಲ್ಲರ ಬೆರಳೂ ಕರೆ ಹಿಡಿದು ಕಪ್ಪು. ಮೆಟ್ಟುಗತ್ತಿಯಿಂದ ತಲೆ ಎತ್ತದೆ ಭಾವ ಇದೇ ಪ್ರಶ್ನೆ ಎಸೆದರು. ಸುತ್ತ ಕೂತವರೆಲ್ಲ ನಕ್ಕರು. ಕೇಳುವ ಧಾಟಿಯೇ ನನಗೆ ಆಗಿಬರುವುದಿಲ್ಲ. ಉತ್ತರ ಯಾರಿಗೂ ಬೇಕಿರುವುದಿಲ್ಲ, ನಾನು ತಬ್ಬಿಬ್ಬಾಗಬೇಕು ಅಷ್ಟೇ.

"ಭಾವ, ಅಡಿಕೆ ಮರಾನೇ ನೋಡದವನನ್ನ ಒಂದು ಮಧ್ಯಾಹ್ನ ನಿಮ್ಮ ತೋಟಕ್ಕೆ ಬಿಡಿ" ಅಂದೆ. "ಚೀಲದಲ್ಲಿ ಸಸಿ ಇರತ್ತೆ, ಸೊಂಟದೆತ್ತರದ ಗಿಡ ಇರತ್ತೆ, ಹಿಂಗಾರ ಬಿಟ್ಟ ಮರ, ಚಂಡೆ ಒಣಗಿದ ಮುದಿ ಮರ ಎಲ್ಲ ಇರತ್ತೆ. ಯಾವುದಾದ ಮೇಲೆ ಯಾವುದು ಅಂತ ಅವನಿಗೆ ಗೊತ್ತಾಗಲ್ವಾ?"

"ಗೊತ್ತಾಗತ್ತೆ ಮಾರಾಯ. ವರ್ಷ ಎಷ್ಟು ಅಂತ ಹೇಗೆ ಗೊತ್ತಾಗತ್ತೆ?"

ಇದು ಸರಿಯಾದ ಪ್ರಶ್ನೆ. ನನಗೆ ಸ್ವಲ್ಪ ಸಿಟ್ಟೂ ಬಂತು. ಎಣಿಸಬೇಕು, ಅಷ್ಟೇ. ಪ್ರತಿ ವರ್ಷ ಒಂದೇ ಲೆಕ್ಕದಲ್ಲಿ ನೆಟ್ಟಿದ್ದರೆ, ಯಾವ ಹಂತದವು ಜಾಸ್ತಿ ಸಿಗುತ್ತವೋ ಆ ಹಂತ ಜಾಸ್ತಿ ಕಾಲ ನಡೆಯುತ್ತದೆ. ಒಂದು ಹಂತದ ವಯಸ್ಸು ಬೇರೆ ದಾರಿಯಿಂದ ಗೊತ್ತಿದ್ದರೆ ಉಳಿದವು ತಾವಾಗಿಯೇ ಬರುತ್ತವೆ. ನಾವು ಆಕಾಶದಲ್ಲಿ ಮಾಡುವುದೂ ಇದನ್ನೇ. ವೃಷಭ ರಾಶಿಯ ದಿಕ್ಕಿನಲ್ಲಿ ಸುಮಾರು 450 ಬೆಳಕಿನ ವರ್ಷ ದೂರ, ನಕ್ಷತ್ರಗಳು ಹುಟ್ಟುವ ಅನಿಲ-ಧೂಳಿನ ಒಂದು ಮೋಡವಿದೆ. ಒಳಗೆ ಮೈನಸ್ 263 ಡಿಗ್ರಿ ಆಸುಪಾಸಿನ ಚಳಿ. ಅಲ್ಲಿ ಎಲ್ಲ ಹಂತದವೂ ಒಟ್ಟಿಗೆ ಸಿಗುತ್ತವೆ. ಧೂಳಿನಲ್ಲಿ ಹುದುಗಿರುವ ಹಂತ ಸುಮಾರು 5 ಲಕ್ಷ ವರ್ಷ. ಸುತ್ತ ಅನಿಲದ ತಟ್ಟೆ ಉಳಿಯುವುದು ಇನ್ನು ಕೆಲವು ಹತ್ತು ಲಕ್ಷ ವರ್ಷ. ಸೂರ್ಯನಂಥದ್ದು ಸ್ಥಿರವಾಗಿ ಹೈಡ್ರೋಜನ್ ಉರಿಸುವ ಹಂತ ಮುಟ್ಟಲು 4–5 ಕೋಟಿ ವರ್ಷ.

ಮುಗಿಯಿತು. ನಿಮ್ಮ ಪ್ರಶ್ನೆಗೆ ಇಷ್ಟೇ ಉತ್ತರ.

ಈಗ ನೀವು ಕೇಳದ ಪ್ರಶ್ನೆಗೆ ಬರುತ್ತೇನೆ. ಅಷ್ಟೊಂದು ತೂಕ ನಕ್ಷತ್ರಕ್ಕೆ ಬರುವುದು ಹೇಗೆ? ದಿನಾ ಒಂದೇ ಸಮ ಬೆಳೆಯುತ್ತದಾ? ಇದನ್ನು ಯಾರಾದರೂ ಕೇಳಿದರೆ ರಾತ್ರಿಯಿಡೀ ಅಡಿಕೆ ಸುಲಿದುಕೊಡುತ್ತೇನೆ.

ಮೋಡ ಕುಸಿದರೆ ಅನಿಲ ನೇರ ನಡುವಿಗೆ ಬಂದು ಬೀಳುವುದಿಲ್ಲ. ಮೊದಲೇ ಸ್ವಲ್ಪ ತಿರುಗುತ್ತಿರುತ್ತದೆ, ಕುಗ್ಗಿದಷ್ಟೂ ಜೋರಾಗಿ ತಿರುಗುತ್ತದೆ. ಹಾಗಾಗಿ ಹೆಚ್ಚಿನದು ತಟ್ಟೆಯಾಗಿ ಹರಡಿಕೊಂಡು ಸುತ್ತುತ್ತದೆ, ನಿಧಾನಕ್ಕೆ ಒಳಗೆ ಸರಿಯುತ್ತದೆ. ನಕ್ಷತ್ರದ ಹತ್ತಿರ ಬಂದಾಗ ಕಾಂತಕ್ಷೇತ್ರ ಅಡ್ಡ ಬರುತ್ತದೆ. ಅಲ್ಲಿಂದ ಅನಿಲ ಕಾಂತರೇಖೆಗಳನ್ನು ಹಿಡಿದು ಸೆಕೆಂಡಿಗೆ 200–300 ಕಿಲೋಮೀಟರ್ ವೇಗದಲ್ಲಿ ಮೇಲ್ಮೈಗೆ ಅಪ್ಪಳಿಸುತ್ತದೆ. ಬಿದ್ದ ಜಾಗ ಕಾದು ಹೆಚ್ಚುವರಿ ಅಲ್ಟ್ರಾವೈಲೆಟ್ ಬೆಳಕು ಕೊಡುತ್ತದೆ. ಆ ಬೆಳಕನ್ನು ಅಳೆದರೆ ಎಷ್ಟು ಬೀಳುತ್ತಿದೆ ಅಂತ ಗೊತ್ತಾಗುತ್ತದೆ. ಧೂಳಿನಿಂದ ಹೊರಬಂದ ಸಾಮಾನ್ಯ ಎಳೆಯ ನಕ್ಷತ್ರಕ್ಕೆ ವರ್ಷಕ್ಕೆ ಚಂದ್ರನ ತೂಕದ ಕಾಲು ಭಾಗದ ಆಸುಪಾಸು.

ತಕರಾರು ಇರುವುದು ಅದಕ್ಕೂ ಹಿಂದಿನ, ಧೂಳಿನೊಳಗಿನ ಹಂತದಲ್ಲಿ. ಬೀಳುವ ಅನಿಲದ ಶಕ್ತಿ ಬೆಳಕಾಗಲೇಬೇಕು. 5 ಲಕ್ಷ ವರ್ಷದಲ್ಲಿ ಸೂರ್ಯನಷ್ಟು ತೂಕ ಬರಬೇಕಾದರೆ ಇಷ್ಟು ಬೆಳಗಬೇಕು ಅಂತ ಲೆಕ್ಕ ಹಾಕಬಹುದು. 1990ರಲ್ಲಿ ವೃಷಭದ ಮೋಡದಲ್ಲಿ ಹಾಗೆ ಲೆಕ್ಕ ಹಾಕಿದರೆ, ಕಂಡ ಬೆಳಕು ಇರಬೇಕಾದ್ದರ ಹತ್ತರಲ್ಲಿ ಒಂದು ಪಾಲು! ತೂಕ ಬಂದಿದೆ, ಬೆಳಕಿನ ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ.

ಅದಕ್ಕೆ ಇರುವ ದೊಡ್ಡ ಉತ್ತರಗಳಲ್ಲಿ ಒಂದು, ಎಫ್‌ಯು ಓರಿಯಾನಿಸ್ ಅನ್ನುವ ನಕ್ಷತ್ರ. 1936–37ರಲ್ಲಿ, ಕೆಲವೇ ತಿಂಗಳಲ್ಲಿ, ಅದು ನೂರಕ್ಕೂ ಹೆಚ್ಚು ಪಟ್ಟು ಬೆಳಗಿತು. ಇವತ್ತಿಗೂ ಪೂರ್ತಿ ಇಳಿದಿಲ್ಲ. ತಟ್ಟೆಯಲ್ಲಿ ಕೂಡಿಬಿದ್ದ ಅನಿಲ ಒಮ್ಮೆಗೇ ಒಳಗೆ ನುಗ್ಗಿದ್ದು ಅದು. ಇಂಥ ಸಮಯದಲ್ಲಿ ವರ್ಷಕ್ಕೆ ಮೂವತ್ತು ಭೂಮಿಗಳಷ್ಟು ಬೀಳಬಹುದು. ಅಂದರೆ ಎಳೆಯ ನಕ್ಷತ್ರಗಳು ಬಹುಕಾಲ ಮಂಕಾಗಿದ್ದು, ನಡುನಡುವೆ ಹೀಗೆ ಒಮ್ಮೆಲೇ ಮೈ ತುಂಬಿಕೊಳ್ಳುತ್ತವೆ. ಯಾವಾಗಲೋ ಇಣುಕಿ ನೋಡುವ ನಮಗೆ ಹೆಚ್ಚಾಗಿ ಸಿಗುವುದು ಮಂಕಾದ ಹೊತ್ತೇ. ಆ ನುಗ್ಗುವಿಕೆಗೆ ಚಾಲನೆ ಕೊಡುವುದು ಏನು ಅನ್ನುವುದರ ಮೇಲೆ ಇನ್ನೂ ಜಗಳ ನಡೆಯುತ್ತಿದೆ. ನಾನು ಸಂಬಳ ಪಡೆದು ತಲೆ ಕೆಡಿಸಿಕೊಂಡದ್ದು ಅದಕ್ಕೇ, ಸುಮ್ನೆ ಆಕಾಶ ನೋಡುತ್ತಾ ಅಲ್ಲ.

ಅಂದಹಾಗೆ ಎಫ್‌ಯು ಓರಿಯಾನಿಸ್ ಇರುವ ಜಾಗ ಮಲೆನಾಡಿನವರಿಗೆ ಹೆಸರಿನಿಂದಲಾದರೂ ಗೊತ್ತು. ಮೃಗಶಿರ ನಕ್ಷತ್ರಕ್ಕೂ ಆರಿದ್ರಾ ನಕ್ಷತ್ರಕ್ಕೂ ಹೆಚ್ಚುಕಡಿಮೆ ನಡುವೆ. ಆ ಹೆಸರಿನ ಮಳೆಗಳು ಸುರಿಯುವಾಗ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ, ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಸುಗ್ಗಿ ಹೊತ್ತಿಗೆ ರಾತ್ರಿ ತಲೆ ಮೇಲೇ ಇರುತ್ತದೆ. ಬರಿಗಣ್ಣಿಗೆ ಸಿಗದು, ನಾಲ್ಕು ಇಂಚಿನ ದೂರದರ್ಶಕ ಸಾಕು. ನನ್ನ ಹತ್ತಿರ ಒಂದಿದೆ. ಭಾವ ಅಂಗಳದ ಬಲ್ಬು ಆರಿಸಲು ಒಪ್ಪಿದರೆ ಈ ಸಲ ತರುತ್ತೇನೆ.