ಜೆ.ಸಿ. ರಸ್ತೆಯಿಂದ ಆಕ್ಸ್‌ಫರ್ಡ್‌ಗೆ ಬಂದ ರಬ್ಬರ್

ಆಕ್ಸ್‌ಫರ್ಡ್ ಎಂದೊಡನೆ ಊರಿನವರಿಗೆ ನೆನಪಾಗುವುದು ವಿಶ್ವವಿದ್ಯಾಲಯ. ನನಗೆ ಸದ್ಯಕ್ಕೆ ಅದು ಗರಾಜಿನಲ್ಲಿ ಚಕ್ರ ಕಳಚಿಕೊಂಡು ನಿಂತಿರುವ ಒಂದು ಕಾರು: 1957ರ ಮಾರಿಸ್ ಆಕ್ಸ್‌ಫರ್ಡ್, ಸೀರೀಸ್ 3. ಚಿತ್ರ ತೋರಿಸಿದರೆ ನೀವೆಲ್ಲ ಅಂಬಾಸಡರ್ ಎನ್ನುತ್ತೀರಿ. ತಪ್ಪೇನಿಲ್ಲ. ನಾನಿರುವ ಆಕ್ಸ್‌ಫರ್ಡ್ ಊರಿನಿಂದ ಕೂಗಳತೆಯಲ್ಲಿರುವ ಕೌಲಿ ಕಾರ್ಖಾನೆಯಲ್ಲಿ ಈ ಮಾದರಿಯ ತಯಾರಿಕೆ 1959ಕ್ಕೆ ಮುಗಿಯಿತು. ಅದೇ ಕಾರು ಕೋಲ್ಕತ್ತದ ಬಳಿಯ ಉತ್ತರಪಾಡಾದಲ್ಲಿ ಅಂಬಾಸಡರ್ ಎಂಬ ಹೆಸರು ಹೊತ್ತು, ಮೂತಿ, ಎಂಜಿನ್ ಬದಲಿಸಿಕೊಳ್ಳುತ್ತ 2014ರವರೆಗೆ ತಯಾರಾಯಿತು. ಕೌಲಿಯಲ್ಲಿ ಈಗ ಬಿಎಂಡಬ್ಲ್ಯು ಕಂಪನಿಯ ಮಿನಿ ಕಾರುಗಳು ತಯಾರಾಗುತ್ತವೆ.

ಕಾರು ಕೊಂಡಾಗ ಎಂಜಿನ್ ಚೆನ್ನಾಗಿತ್ತು, ತಗಡು ಸುಮಾರಾಗಿತ್ತು, ಸಸ್ಪೆನ್ಷನ್ನಿನ ಬುಷ್‌ಗಳು ಮಾತ್ರ ಸತ್ತೇ ಹೋಗಿದ್ದವು. ಲೋಹ ಲೋಹಕ್ಕೆ ನೇರವಾಗಿ ತಾಗದಂತೆ ನಡುವೆ ಕೂರುವ ರಬ್ಬರಿನ ಉಂಗುರಗಳಿವು. ಮುಂದಿನ ಕೆಳತೋಳುಗಳಲ್ಲಿ, ಟೈ ರಾಡಿನಲ್ಲಿ, ಹಿಂದಿನ ಲೀಫ್ ಸ್ಪ್ರಿಂಗನ್ನು ಕಾರಿನ ಮೈಗೆ ಜೋಡಿಸುವ ಶ್ಯಾಕಲ್ ಎಂಬ ಕೊಂಡಿಗಳಲ್ಲಿ ಎಲ್ಲ ಕಡೆಯೂ ಇರುತ್ತವೆ. ಇವು ಹೋದರೆ ಕಾರು ಗುಂಡಿಗೆ ಬಿದ್ದಾಗಲೆಲ್ಲ ಟಕಟಕ ಎನ್ನುತ್ತದೆ, ಬ್ರೇಕ್ ಒತ್ತಿದರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡು ಮಾಡದ ಕಾರಿಗೆ 2018ರ ಮೇ ತಿಂಗಳಿನಿಂದ ಎಂಒಟಿ ಎಂಬ ವಾರ್ಷಿಕ ಸುಸ್ಥಿತಿ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಬುಷ್ ಸತ್ತಿದೆ ಎಂದು ಹೇಳುವವರು ಯಾರೂ ಇಲ್ಲ, ನಾವೇ ಕೆಳಗೆ ಮಲಗಿ ನೋಡಬೇಕು. ಈ ರಿಯಾಯಿತಿ ನನಗೇನೂ ಹಿಡಿಸಿಲ್ಲ.

ಕಾರು ಹುಟ್ಟಿದೂರಿನಲ್ಲೇ ಅದರ ಭಾಗಗಳು ಸುಲಭವಾಗಿ ಸಿಗುತ್ತವೆ ಎಂದು ಯಾರಾದರೂ ಎಣಿಸುತ್ತಾರೆ. ಮಾರಿಸ್ ಮೈನರ್ ಆಗಿದ್ದರೆ ಆ ಎಣಿಕೆ ಸರಿ; ಹದಿನಾರು ಲಕ್ಷಕ್ಕೂ ಹೆಚ್ಚು ತಯಾರಾದ ಆ ಪುಟ್ಟ ಕಾರಿಗೆ ಇಲ್ಲಿ ಪ್ರತಿಯೊಂದು ಮೊಳೆಯೂ ದೊರೆಯುತ್ತದೆ. ಆಕ್ಸ್‌ಫರ್ಡ್‌ಗೆ ಅಷ್ಟು ಅಭಿಮಾನಿಗಳಿಲ್ಲ. ಸೆಪ್ಟೆಂಬರಿನಲ್ಲಿ ಹ್ಯಾಂಪ್‌ಷೈರಿನ ಬ್ಯೂಲಿಯಲ್ಲಿ ನಡೆಯುವ ಹಳೆಯ ವಾಹನಗಳ ಬಿಡಿಭಾಗಗಳ ಸಂತೆಗೆ ಹೋದೆ. ಮಳೆಯಲ್ಲಿ ನೆನೆದ ಹುಲ್ಲು, ಸಾಲು ಸಾಲು ಡೇರೆಗಳು, ತುಕ್ಕು ಹಿಡಿದ ಕಬ್ಬಿಣದ ರಾಶಿಗಳು, ಅವುಗಳ ಹಿಂದೆ ಚಹಾದ ಫ್ಲಾಸ್ಕ್ ಹಿಡಿದು ಕುಳಿತ ಮುದುಕರು. ಅವರಲ್ಲೊಬ್ಬರ ಬಳಿ ನನಗೆ ಬೇಕಾದ ಬುಷ್‌ಗಳೇ ಇದ್ದವು. ಕಾರ್ಖಾನೆಯ ಮೂಲ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಭಾಗದ ಸಂಖ್ಯೆ, ಒಮ್ಮೆಯೂ ಬಳಸದ ಹಳೆಯ ದಾಸ್ತಾನು. ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುವಂಥದ್ದು. ಹೆಬ್ಬೆರಳಿನ ಉಗುರಿನಿಂದ ಒತ್ತಿದೆ. ಗುರುತೇ ಬೀಳಲಿಲ್ಲ, ರಬ್ಬರ್ ಕಲ್ಲಾಗಿತ್ತು.

ರಬ್ಬರಿನ ಗುಣವೇ ಅದು. ಕಚ್ಚಾ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಅದರ ಉದ್ದನೆಯ ಎಳೆಗಳ ನಡುವೆ ಕೊಂಡಿಗಳು ಬಿದ್ದು ಅದಕ್ಕೆ ಪುಟಿಯುವ ಶಕ್ತಿ ಬರುತ್ತದೆ. ಆದರೆ ರಾಸಾಯನಿಕ ಕ್ರಿಯೆ ಅಲ್ಲಿಗೆ ಪೂರ್ತಿ ನಿಲ್ಲುವುದಿಲ್ಲ. ಉಳಿದ ಗಂಧಕ ನಿಧಾನವಾಗಿ ಹೊಸ ಕೊಂಡಿಗಳನ್ನು ಹಾಕುತ್ತಲೇ ಇರುತ್ತದೆ, ಆಮ್ಲಜನಕವೂ ಕೈಜೋಡಿಸುತ್ತದೆ. ಗಾಳಿಯಲ್ಲಿನ ಓಝೋನ್ ಮೇಲ್ಮೈಯಲ್ಲಿ ಬಿರುಕು ಮೂಡಿಸುತ್ತದೆ. ಪೆಟ್ಟಿಗೆಯೊಳಗೆ ಸುಮ್ಮನೆ ಕುಳಿತ ಬುಷ್‌ಗೂ ವಯಸ್ಸಾಗುತ್ತದೆ. ಹತ್ತು ವರ್ಷ ಮೀರಿದ ಟೈರನ್ನು ಬಸ್ಸು, ಲಾರಿಗಳ ಮುಂದಿನ ಅಚ್ಚಿಗೆ ಹಾಕಬಾರದೆಂದು ಇಲ್ಲಿ 2021ರಿಂದ ಕಾನೂನೇ ಇದೆ. ಅರುವತ್ತು ವರ್ಷದ ಬುಷ್ ಅನ್ನು ಮಾತ್ರ ‘ಹೊಸದು’ ಎಂದು ನಾಲ್ಕು ಪಟ್ಟು ಬೆಲೆಗೆ ಮಾರಬಹುದು.

ಪಾಲಿಯುರೆಥೇನ್ ಬುಷ್ ಹಾಕಿಬಿಡು ಎಂದು ಇಲ್ಲಿನ ಗೆಳೆಯರು ಹೇಳಿದರು. ಎಣ್ಣೆಗೆ ಅದು ಸುಲಭವಾಗಿ ಜಗ್ಗುವುದಿಲ್ಲ, ಬಹುಕಾಲ ಬಾಳುತ್ತದೆ, ಕೆಂಪು ನೀಲಿ ಬಣ್ಣಗಳಲ್ಲೂ ಸಿಗುತ್ತದೆ. ರೇಸಿಗೆ ಹೋಗುವವರಿಗೆ ಒಳ್ಳೆಯದೇ. ಆದರೆ ಅದು ರಬ್ಬರಿಗಿಂತ ಬಿಗಿ. ರಸ್ತೆಯ ಪ್ರತಿಯೊಂದು ಜಲ್ಲಿಕಲ್ಲಿನ ಸುದ್ದಿಯನ್ನೂ ಸೀಟಿಗೆ ತಲುಪಿಸುತ್ತದೆ. ಅದಕ್ಕೆ ಹಚ್ಚುವ ಸಿಲಿಕೋನ್ ಗ್ರೀಸ್ ಒಣಗಿದರೆ ಕೀರಲು ದನಿ ಬೇರೆ. ಸೋಫಾದ ಮೇಲೆ ಕುಳಿತಂತೆ ತೇಲುತ್ತ ಹೋಗುವುದಕ್ಕೇ ಹೆಸರಾದ ಕಾರಿಗೆ ಅದನ್ನು ಹಾಕಲು ನನಗೆ ಮನಸ್ಸು ಬರಲಿಲ್ಲ.

ಆಗ ಬೆಂಗಳೂರಿಗೆ ಫೋನ್ ಮಾಡಿದೆ. ನನ್ನ ಸೋದರಮಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಫಿಟರ್ ಆಗಿದ್ದು ನಿವೃತ್ತರಾದವರು. ವಿಷಯ ಕೇಳಿ ಒಂದು ಕ್ಷಣ ಸುಮ್ಮನಿದ್ದು, ‘ಅಂಬಾಸಡರ್ ಬುಷ್‌ಗೋಸ್ಕರ ಲಂಡನ್ನಿನಿಂದ ಫೋನ್ ಮಾಡುತ್ತೀಯೇನೋ?’ ಎಂದರು. ಅವರ ಲೆಕ್ಕದಲ್ಲಿ ಇಂಗ್ಲೆಂಡೆಲ್ಲ ಲಂಡನ್ನೇ. ಮರುದಿನವೇ ಜೆ.ಸಿ. ರಸ್ತೆಗೆ ಹೋದರು.

ಪುರಭವನದ ಎದುರಿನಿಂದ ಹೊರಡುವ ಆ ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ನೋಡಿದವರಿಗೆ ವರ್ಣನೆ ಬೇಕಿಲ್ಲ. ಅಂಗಡಿಯವರು ಮಾವನನ್ನು ಕೇಳಿದ ಮೊದಲ ಪ್ರಶ್ನೆ, ‘ಸಾರ್, ಒಳ್ಳೆಯದು ಕೊಡಲೋ, ಲೋಕಲ್ ಕೊಡಲೋ?’ ಈ ಪ್ರಾಮಾಣಿಕತೆ ಬ್ಯೂಲಿಯ ಡೇರೆಯಲ್ಲಿ ನನಗೆ ಸಿಕ್ಕಿರಲಿಲ್ಲ. ಮಾವ ಎರಡನ್ನೂ ತೆಗೆಸಿದರು. ಬಿಳಿಯ ಕಾಗದದ ಮೇಲೆ ಉಜ್ಜಿದರು, ಮೂಸಿದರು, ಬಗ್ಗಿಸಿ ಬಿರುಕು ನೋಡಿದರು, ನೆಲಕ್ಕೆ ಎಸೆದು ಎಷ್ಟು ಪುಟಿಯುತ್ತದೆಂದು ಪರೀಕ್ಷಿಸಿದರು. ಅಗ್ಗದ್ದನ್ನು ವಿಡಿಯೊ ಕರೆಯಲ್ಲಿ ನನಗೆ ತೋರಿಸಿ, ‘ಇದು ರಬ್ಬರ್ ಅಲ್ಲ ಕಣೋ, ಹಳೆಯ ಟೈರಿನ ಪುಡಿ’ ಎಂದು ತೀರ್ಪು ಕೊಟ್ಟರು. ನಾನು ವರ್ನಿಯರ್ ಹಿಡಿದು ಇಲ್ಲಿನ ಅಳತೆಗಳನ್ನು ಇಂಚಿನಲ್ಲಿ ಓದಿದೆ, ಅವರು ಅಲ್ಲಿ ಮಿಲಿಮೀಟರಿನಲ್ಲಿ ಅಳೆದರು, ಅಂಗಡಿಯ ಹುಡುಗ ಕ್ಯಾಲ್ಕ್ಯುಲೇಟರ್ ಒತ್ತಿ ಇಂಚಿಗೆ 25.4 ಎಂದು ಎರಡನ್ನೂ ಸರಿಹೊಂದಿಸಿದ. ಹೊರ ವ್ಯಾಸ, ಒಳ ವ್ಯಾಸ, ಕಾಲರಿನ ದಪ್ಪ ಮೂರೂ ಕೂಡಿಬಂದವು.

ಅಲ್ಲಿ ಇದು ಸಿಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಬಾಸಡರ್ ನಮ್ಮಲ್ಲಿ ಟ್ಯಾಕ್ಸಿಯಾಗಿ, ಸರ್ಕಾರಿ ಕಾರಾಗಿ ದಶಕಗಟ್ಟಲೆ ದುಡಿಯಿತು. ನಮ್ಮ ರಸ್ತೆಗಳು ಬುಷ್‌ಗಳನ್ನು ಬೇಗನೆ ತಿಂದುಹಾಕುತ್ತವೆ. ತಿಂದಷ್ಟೂ ಹೊಸದು ತಯಾರಾಗಬೇಕು, ತಯಾರಾದದ್ದು ಪೆಟ್ಟಿಗೆಯಲ್ಲಿ ಮುದಿಯಾಗುವ ಮೊದಲೇ ಖರ್ಚಾಗಬೇಕು. ಇಂಗ್ಲೆಂಡಿನಲ್ಲಿ ಈ ಕಾರು ಭಾನುವಾರದ ಬಿಸಿಲಿಗೆ ಹೊರಬರುವ ವಸ್ತು, ಆದ್ದರಿಂದ ಅದರ ರಬ್ಬರೂ ಪ್ರದರ್ಶನದ ವಸ್ತುವೇ.

ಪೊಟ್ಟಣ ಕೊರಿಯರ್‌ನಲ್ಲಿ ಬಂತು. 135 ಪೌಂಡ್ ಒಳಗಿನ ಸರಕಿಗೆ ಇಲ್ಲಿ ಸುಂಕವಿಲ್ಲ, ವ್ಯಾಟ್ ಇದೆ. ಸಾಗಣೆಯ ಖರ್ಚು ಬುಷ್‌ಗಳ ಬೆಲೆಯನ್ನೂ ಮೀರಿಸಿತು. ಎರಡೂ ಕೂಡಿದರೂ ಬ್ಯೂಲಿಯ ರಟ್ಟಿನ ಪೆಟ್ಟಿಗೆಗಿಂತ ಕಡಿಮೆಯೇ.

ಕೂರಿಸುವಾಗ ಮಾಮೂಲಿ ಗ್ರೀಸ್ ಹಚ್ಚಬಾರದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಇಲ್ಲಿನ ಅಂಗಡಿಗಳಲ್ಲಿ ರಬ್ಬರಿಗೆಂದೇ ಒಂದು ಕೆಂಪು ಗ್ರೀಸ್ ಸಿಗುತ್ತದೆ. ಅದರ ಮೂಲ ನಮ್ಮ ಅಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ. ಇನ್ನೊಂದು ಮಾತನ್ನು ಮಾವ ಮೂರು ಸಲ ಹೇಳಿದರು: ‘ಕಾರು ಜ್ಯಾಕಿನ ಮೇಲಿರುವಾಗ ಬೋಲ್ಟ್ ಪೂರ್ತಿ ಬಿಗಿಯಬೇಡ.’ ರಬ್ಬರ್ ಬುಷ್ ಬೇರಿಂಗಿನಂತೆ ಜಾರಿ ತಿರುಗುವುದಿಲ್ಲ, ಹಿಡಿದ ಜಾಗದಲ್ಲೇ ತಿರುಚಿಕೊಳ್ಳುತ್ತದೆ. ಚಕ್ರಗಳು ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ಅದು ತಿರುಚಿದ ಸ್ಥಿತಿಯಲ್ಲಿ ಉಳಿದು ಬೇಗ ಹರಿಯುತ್ತದೆ. ಆದ್ದರಿಂದ ಮೊದಲು ಸಡಿಲವಾಗಿ ಜೋಡಿಸಿ, ಚಕ್ರ ಹಾಕಿ, ಕಾರನ್ನು ತನ್ನ ಭಾರದ ಮೇಲೆ ನಿಲ್ಲಿಸಿ, ಮುಂದೆ ಹಿಂದೆ ಕುಲುಕಿ, ಆಮೇಲೆ ಕೆಳಗೆ ತೂರಿ ಬಿಗಿಯಬೇಕು. ಮುಂಭಾಗ ಹಾಗೆಯೇ ಮುಗಿದಿದೆ. ಹಿಂದಿನ ಶ್ಯಾಕಲ್‌ಗಳ ಕೆಲಸ ಬಾಕಿ ಇದೆ, ಒಂದು ಪಿನ್ ತುಕ್ಕಿನಿಂದ ಹಿಡಿದುಕೊಂಡಿದೆ.

ಈಗ ಜೆ.ಸಿ. ರಸ್ತೆಯ ಆ ಅಂಗಡಿಯವರು ಮಾವನ ಮೂಲಕ ನನಗೊಂದು ಬೇಡಿಕೆ ಕಳುಹಿಸಿದ್ದಾರೆ. ಅವರ ಗಿರಾಕಿಯೊಬ್ಬರು ಮೈಸೂರಿನಲ್ಲಿ ಲ್ಯಾಂಡ್‌ಮಾಸ್ಟರ್ ಸರಿಪಡಿಸುತ್ತಿದ್ದಾರಂತೆ. ಅದು ಅಂಬಾಸಡರ್‌ಗೂ ಮುಂಚಿನದು, ಆಕ್ಸ್‌ಫರ್ಡ್ ಸೀರೀಸ್ 2ರ ಪಡಿಯಚ್ಚು. ವೇಗಮಾಪಕದ ಸುತ್ತಲಿನ ಕ್ರೋಮ್ ಬಳೆ ಭಾರತದಲ್ಲಿ ಎಲ್ಲಿ ಹುಡುಕಿದರೂ ದೊರೆಯುತ್ತಿಲ್ಲವಂತೆ. ಕ್ರೋಮ್‌ಗೆ ಪೆಟ್ಟಿಗೆಯೊಳಗೆ ವಯಸ್ಸಾಗುವುದಿಲ್ಲ. ಬ್ಯೂಲಿಯ ಆ ಮುದುಕರಿಗೆ ಫೋನ್ ಮಾಡಿ ಕೇಳಿದ್ದೇನೆ. ಎರಡಿವೆ ಎಂದಿದ್ದಾರೆ, ಬೆಲೆ ಇನ್ನೂ ಹೇಳಿಲ್ಲ.