ಬಿಸಿಲ ನಾಡಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂಪಾಗಿಡುವುದು

ಕಲಬುರಗಿಯಲ್ಲಿ ಏಪ್ರಿಲ್-ಮೇ ಅಂದರೆ 42-43 ಡಿಗ್ರಿ ಮಾಮೂಲು. ಆಟೋಮ್ಯಾಟಿಕ್ ಕಾರಿನವರು ಆಗ ಎಂಜಿನ್ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತಾ ಹೋಗುತ್ತಾರೆ. ಗೇರ್‌ಬಾಕ್ಸ್‌ಗೆ ಹೆಚ್ಚಿನ ಕಾರುಗಳಲ್ಲಿ ಅಂಥ ಮುಳ್ಳೇ ಇಲ್ಲ. ಗೇರ್‌ಬಾಕ್ಸ್ ಸದ್ದಿಲ್ಲದೆ ಬಿಸಿಯಾಗುತ್ತದೆ, ಸದ್ದು ಬರುವ ಹೊತ್ತಿಗೆ ಖರ್ಚು ದೊಡ್ಡದಾಗಿರುತ್ತದೆ.

ಬಿಸಿ ಹುಟ್ಟುವುದು ಒಳಗಿನ ಜಾರಾಟದಿಂದ. ಎಂಜಿನ್ ಬಲವನ್ನು ಗೇರ್‌ಗೆ ಮುಟ್ಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಎರಡು ಫ್ಯಾನುಗಳು ಎದುರುಬದುರು ಇರುತ್ತವೆ, ನಡುವೆ ಎಣ್ಣೆ. ಎಂಜಿನ್ ಕಡೆಯದು ಎಣ್ಣೆ ಎರಚುತ್ತದೆ, ಆ ರಭಸಕ್ಕೆ ಗೇರ್ ಕಡೆಯದು ತಿರುಗುತ್ತದೆ. ಎರಡರ ವೇಗ ಒಂದೇ ಆಗದಿದ್ದಾಗ ನಡುವೆ ಕಳೆದುಹೋಗುವ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುತ್ತದೆ. ಹುಮನಾಬಾದ್ ರಸ್ತೆಯಲ್ಲಿ 80ರ ವೇಗದಲ್ಲಿ ಒಂದೇ ಸಮನೆ ಹೋಗುವಾಗ ಲಾಕ್‌ಅಪ್ ಕ್ಲಚ್ ಎರಡನ್ನೂ ಬಿಗಿಹಿಡಿಯುತ್ತದೆ, ಜಾರಾಟ ನಿಲ್ಲುತ್ತದೆ. ಊರೊಳಗಿನ ಸೂಪರ್ ಮಾರ್ಕೆಟ್ ಬೀದಿಗಳಲ್ಲಿ, ಶರಣಬಸವೇಶ್ವರ ಜಾತ್ರೆಯ ದಟ್ಟಣೆಯಲ್ಲಿ ಹಾಗಲ್ಲ: ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಎದುರುಗಾಳಿಯೂ ಇರುವುದಿಲ್ಲ.

ಗೇರ್ ಎಣ್ಣೆಗೆ 80ರಿಂದ 95 ಡಿಗ್ರಿ ಹಿತವಾದ ಬಿಸಿ. 120 ದಾಟಿ ಹೆಚ್ಚು ಹೊತ್ತು ಓಡಿದರೆ ಎಣ್ಣೆ ಕೆಡುತ್ತಾ ಎಣ್ಣೆಯ ಒತ್ತಡ ಹಂಚುವ ವಾಲ್ವ್ ಬಾಡಿಯ ಮೇಲೆ ಅಂಟು ಪದರ ಬಿಡುತ್ತದೆ. ಇನ್ನೂ ಏರಿದರೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಒತ್ತಡ ಸೋರುತ್ತದೆ, ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ. ಆ ಜಾರಾಟದಿಂದ ಮತ್ತೆ ಬಿಸಿ.

ಈ ಬಿಸಿ ಹೊರಹೋಗುವ ದಾರಿ ನಮ್ಮ ಕಡೆ ಮುಚ್ಚಿಕೊಳ್ಳುವುದು ಬೇಸಿಗೆಗೆ ಮೊದಲೇ. ಅನೇಕ ಕಾರುಗಳಲ್ಲಿ ಗೇರ್ ಎಣ್ಣೆಯ ಕೂಲರ್ ರೇಡಿಯೇಟರ್ ತೊಟ್ಟಿಯೊಳಗೇ ಕೂತಿರುತ್ತದೆ. ರೇಡಿಯೇಟರ್ ಮುಂದೆ ಎಸಿ ಕಂಡೆನ್ಸರ್, ಎರಡರ ನಡುವೆ ಬೆರಳು ತೂರುವಷ್ಟು ಸಂದು. ತೊಗರಿ ರಾಶಿಯ ಕಾಲದ ಹೊಟ್ಟು, ಯಾದಗಿರಿ ಕಡೆಯ ಹತ್ತಿಯ ಎಳೆ, ಎರೆಮಣ್ಣಿನ ಧೂಳು ಎಲ್ಲ ಸೇರಿ ಆ ಸಂದಿನಲ್ಲಿ ಕಂಬಳಿಯಂತೆ ಕೂರುತ್ತವೆ. ಮುಂದಿನ ಜಾಲರಿಯಿಂದ ನೋಡಿದರೆ ಎಲ್ಲ ಸ್ವಚ್ಛ! ಬಾನೆಟ್ ತೆಗೆದು ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಸಂದಿನೊಳಗೆ ಟಾರ್ಚ್ ಬಿಡಿ. ಆಚೆ ಬದಿಗೆ ಬೆಳಕು ಹಾಯದಿದ್ದರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ.

ತೊಳೆಯುವುದು ಎಂಜಿನ್ ಪೂರ್ತಿ ಆರಿದ ಮೇಲೆ, ಸಾಧಾರಣ ಪೈಪಿನ ನೀರಿನಿಂದ, ಎಂಜಿನ್ ಕಡೆಯಿಂದ ಹೊರಮುಖವಾಗಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಇಲ್ಲಿ ಬೇಡವೇ ಬೇಡ, ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ ಕಡೆ ಓಡುವ ಕಾರಾದರೆ ಮೊದಲು ಮೆಲ್ಲನೆ ಒಣ ಗಾಳಿ ಹಿಡಿಯಿರಿ. ಸಿಮೆಂಟ್ ಧೂಳಿಗೆ ನೇರ ನೀರು ಬಿದ್ದರೆ ಕಚ್ಚಿಕೊಳ್ಳುತ್ತದೆ. ಬಂಪರ್ ಬಿಚ್ಚಿ ಮತ್ತೆ ಕೂರಿಸಿದ ಕಾರುಗಳಲ್ಲಿ ಕಂಡೆನ್ಸರ್ ಅಕ್ಕಪಕ್ಕದ ರಬ್ಬರ್ ಪಟ್ಟಿಗಳು ಇವೆಯೇ ನೋಡಿ. ಅವು ಹೋದರೆ ಗಾಳಿ ರೇಡಿಯೇಟರ್ ತೂರುವ ಬದಲು ಪಕ್ಕದಿಂದ ಜಾರಿಹೋಗುತ್ತದೆ. ಜಾಲರಿಯ ಹಿಂದೆ ಸೊಳ್ಳೆಪರದೆ ಕಟ್ಟಿದ್ದರೆ ಇವತ್ತೇ ಕಿತ್ತುಹಾಕಿ.

ಕೂಲಂಟ್‌ಗೆ ಬೋರ್‌ವೆಲ್ ನೀರು ಬೆರೆಸಬೇಡಿ. ನಮ್ಮದು ಸುಣ್ಣದ ಕಲ್ಲಿನ ನೆಲ. ಮನೆಯ ಗೀಸರ್‌ನಲ್ಲಿ ಕಟ್ಟುವ ಅದೇ ಬಿಳಿ ಪದರ ಕೂಲರ್ ಮೇಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ. ಅಥವಾ ಬೆರೆಸಿಯೇ ಮಾರುವುದು.

ಇನ್ನು ಎಣ್ಣೆಯ ಮಟ್ಟ. ಇದರಲ್ಲಿ ಒಳ್ಳೆಯ ಮಿಸ್ತ್ರಿಗಳೂ ಎಡವುತ್ತಾರೆ. ಡಿಪ್‌ಸ್ಟಿಕ್ ಇಲ್ಲದ ಹಲವು ಆರು ಸ್ಪೀಡ್ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ 35-45 ಡಿಗ್ರಿ ಇರುವಾಗ, ಎಂಜಿನ್ ಓಡುತ್ತಿರುವಾಗ, ಕೆಳಗಿನ ಪ್ಲಗ್ ತೆಗೆದು ನೋಡಬೇಕು. ಸಣ್ಣಗೆ ಹನಿ ಬಿದ್ದರೆ ಸರಿ. ಮೇ ತಿಂಗಳ ಮಧ್ಯಾಹ್ನ ಅಂಗಳದಲ್ಲಿ ನಿಂತ ಕಾರಿನ ಎಣ್ಣೆ ಸ್ಟಾರ್ಟ್ ಮಾಡುವ ಮೊದಲೇ ಆ ಮಿತಿಯ ಅಂಚಿಗೆ ಬಂದಿರುತ್ತದೆ, ಎರಡು ನಿಮಿಷದಲ್ಲಿ ದಾಟುತ್ತದೆ. ಬಿಸಿ ಎಣ್ಣೆ ಹಿಗ್ಗುತ್ತದೆ, ಪ್ಲಗ್‌ನಿಂದ ಹೆಚ್ಚು ಸುರಿಯುತ್ತದೆ, ಕೊನೆಗೆ ಒಳಗೆ ಉಳಿಯುವುದು ಕಮ್ಮಿ. ಕಮ್ಮಿಯಾದರೆ ಪಂಪ್ ಗಾಳಿ ಎಳೆದು ನೊರೆ ಏಳುತ್ತದೆ. ಹಾಗಾಗಿ ಈ ಕೆಲಸ ಬೆಳಗಿನ ಜಾವಕ್ಕೇ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಎಣ್ಣೆಯ ಬಿಸಿ ನೋಡುತ್ತಾ.

ನಮ್ಮ ಹವೆಗೆ 50-60 ಸಾವಿರ ಕಿಲೋಮೀಟರ್‌ಗೆ ಎಣ್ಣೆ ಬದಲಿಸುವುದು ಒಳ್ಳೆಯದು. ಒಮ್ಮೆ ಇಳಿಸಿದರೆ ಅರ್ಧದ ಆಸುಪಾಸು ಮಾತ್ರ ಬರುತ್ತದೆ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ನಡುವೆ ಸ್ವಲ್ಪ ಓಡಿಸಿ ಎರಡು ಮೂರು ಸಲ ಇಳಿಸಬೇಕು. ಕಂಪನಿ ಹೇಳಿದ ಗ್ರೇಡೇ ಹಾಕಿ. ಸಿವಿಟಿಗೆ, ಅಂದರೆ ಬೆಲ್ಟ್ ಮೇಲೆ ಓಡುವ ಗೇರ್‌ಬಾಕ್ಸ್‌ಗೆ, ಸಾದಾ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಎಣ್ಣೆ) ಹಾಕಿದರೆ ಬೆಲ್ಟ್ ಹಾಳು. ಇಳಿಸಿದ ಎಣ್ಣೆ ಮಜ್ಜಿಗೆಗೆ ಕುಂಕುಮ ಕದಡಿದ ಹಾಗಿದ್ದರೆ ಕೂಲಂಟ್ ಒಳಹೊಕ್ಕಿದೆ, ಕಾರು ಓಡಿಸಲೇಬೇಡಿ.

ಓಡಿಸುವಾಗ ಒಂದೇ ಮಾತು ಮುಖ್ಯ: ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ಎಎಂಟಿ (ತಾನೇ ಗೇರ್ ಬದಲಿಸುವ ಮ್ಯಾನುವಲ್ ಗೇರ್‌ಬಾಕ್ಸ್) ಮತ್ತು ಡ್ರೈ ಕ್ಲಚ್ ಡಿಸಿಟಿಯವರಿಗೆ (ಎಣ್ಣೆಯಲ್ಲಿ ಮುಳುಗಿರದ ಎರಡು ಕ್ಲಚ್ಚಿನ ಗೇರ್‌ಬಾಕ್ಸ್) ಇದು ಇನ್ನೂ ಮುಖ್ಯ, ಆ ಕ್ಲಚ್ಚುಗಳಿಗೆ ಗಾಳಿ ಬಿಟ್ಟರೆ ಬೇರೆ ತಂಪಿಲ್ಲ. ಇಂಚಿಂಚು ತೆವಳುವ ಬದಲು ಮುಂದೆ ಜಾಗ ಬಿಟ್ಟು, ಒಮ್ಮೆಗೆ ನಾಲ್ಕೈದು ಮೀಟರ್ ಸಾಗಿ.

ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಎಚ್ಚರಿಕೆ ದೀಪ ಬಂದರೆ ನೆರಳಿಗೆ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಎಸಿ ಆರಿಸಿ, ಎಂಜಿನ್ ಮಾತ್ರ ಓಡುತ್ತಿರಲಿ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಎಣ್ಣೆ ಕೂಲರ್‌ಗೆ ಹೋಗುವುದೇ ಇಲ್ಲ. ಎಂಜಿನ್‌ನ ಬಿಸಿ ಮುಳ್ಳು ಕೆಂಪಿಗೆ ಹೋಗಿದ್ದರೆ ಮಾತ್ರ ತಕ್ಷಣ ಬಂದ್ ಮಾಡಿ.

ಬೇರೆ ಕೂಲರ್ ಹಾಕಿಸುವುದು ಭಾರ ಎಳೆಯುವವರಿಗೆ ಉಪಯೋಗ, ಉಳಿದವರು ಮೊದಲು ಆ ಸಂದು ತೊಳೆಯಲಿ. ಹಾಕಿಸುವುದೇ ಆದರೆ ರೇಡಿಯೇಟರ್‌ನಿಂದ ಹೊರಬರುವ ಎಣ್ಣೆ ಹೊಸ ಕೂಲರ್ ಹಾಯ್ದು ಗೇರ್‌ಬಾಕ್ಸ್‌ಗೆ ಮರಳುವಂತೆ ಜೋಡಿಸಬೇಕು. ಪೈಪು ಗೇರ್ ಎಣ್ಣೆಯ ಬಿಸಿ ತಡೆಯುವಂಥದ್ದೇ ಇರಲಿ, ಪೆಟ್ರೋಲ್ ಪೈಪು ನಡೆಯದು. ಹೊಸ ಕೂಲರ್ ಮತ್ತು ಪೈಪು ಹಿಡಿಯುವಷ್ಟು ಎಣ್ಣೆ ಮತ್ತೆ ತುಂಬಿ, ಮರುದಿನ ಬೆಳಗಿನ ಜಾವ ಮಟ್ಟ ಇನ್ನೊಮ್ಮೆ ನೋಡಿ.